ಮೂರು ಪ್ರಶ್ನೆಗೆ ಒಂದು ಹೆಬ್ಬೆಟ್ಟು

1954ನೇ ಇಸವಿ ಫೆಬ್ರವರಿ 9, ಮಂಗಳವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಸೇಡಂ ಠಾಣೆಯ ಮೆಟ್ಟಿಲು ಹತ್ತಿದ ಹೆಣ್ಣುಮಗಳು ಒಬ್ಬಳೇ ಬಂದಿದ್ದಳು. ಠಾಣೆಗೆ ಒಬ್ಬರೇ ಬರುವ ರೂಢಿ ಈ ಸೀಮೆಯಲ್ಲಿಲ್ಲ. ಕೋಳಿ ಕಳೆದರೂ ಓಣಿಯ ನಾಲ್ಕು ಮಂದಿ ಜೊತೆಗೆ ಬರುತ್ತಾರೆ. ಇಬ್ಬರು ಅಳಲಿಕ್ಕೆ, ಇಬ್ಬರು ಮಾತಾಡಲಿಕ್ಕೆ. ಈಕೆಯ ಜೊತೆಗಿದ್ದದ್ದು ಹೆಗಲಿಗೆ ನೆಟ್ಟಗೆ ಆನಿಸಿಕೊಂಡಿದ್ದ ನಾಲ್ಕು ದಿನದ ಕೂಸು ಮಾತ್ರ.

ಇನ್ಸ್‌ಪೆಕ್ಟರ್ ದೇವಿಂದ್ರಪ್ಪ ಮೇಜಿನ ಮೇಲಿನ ಪೋಸ್ಟ್ ಕಾರ್ಡನ್ನು ಕಾಗದಗಳ ಕೆಳಗೆ ಸರಿಸಿದ. ಸೇಡಂ ಮತ್ತು ಶಹಾಬಾದು ಒಳಗೊಂಡ ಚಿತ್ತಾಪುರ, ಎರಡೂ ತಾಲೂಕು ಅವನ ಸರ್ಕಲ್ಲಿಗೆ ಸೇರಿದ್ದವು. ನಿಜಾಮರ ಆಡಳಿತ ಮುಗಿದು ಐದು ವರ್ಷ ದಾಟಿದರೂ ಮಂದಿ ಅವನನ್ನು ಹಳೆಯ ರೂಢಿಯಲ್ಲಿ ಅಮೀನಸಾಬ್ ಎಂದೇ ಕರೆಯುತ್ತಿದ್ದರು.

“ಕುಂದ್ರವ್ವಾ. ಯಾವೂರು?”

“ಮಳಖೇಡರಿ. ಭಾಗಮ್ಮ ಅಂತಾರ.”

“ಜೋಡಿ ಯಾರ್ ಬಂದಾರ?”

“ಯಾರಿಲ್ರಿ. ಗಂಡ ಹೋಗಿ ಹನ್ನೆರಡು ವರ್ಷ ಆತು. ಇದ್ದಾಕಿ ಒಬ್ಬಾಕಿ ಮಗಳು. ಆಕೀ ಸಲುವಾಗೇ ಬಂದೀನ್ರಿ.”

ಜಮಾದಾರ ಅಬ್ದುಲ್ ಗನಿ ಬರೆದುಕೊಂಡ. ಅವನು ನಿಜಾಮರ ಕಾಲದ ಹಳೆ ನೌಕರ. ಈಗ ಎಫ್‌ಐಆರ್ ಇಂಗ್ಲಿಷಿನಲ್ಲಿ ಹೋಗಬೇಕು ಎಂಬ ಹುಕುಂ ಬಂದಮೇಲೆ ಪ್ರತಿ ವಾಕ್ಯವನ್ನೂ ಮೊದಲು ತಲೆಯೊಳಗೆ ಉರ್ದುವಿನಲ್ಲಿ ಬರೆದು, ಆಮೇಲೆ ನಿಟ್ಟುಸಿರು ಬಿಟ್ಟು ಕಾಗದಕ್ಕಿಳಿಸುತ್ತಿದ್ದ. ಹಾಗೆ ಇಳಿದ ದೂರಿನ ಸಾರಾಂಶ ಇಷ್ಟು: ಮಗಳು ಗುರುದೇವಿ, ವಯಸ್ಸು ಇಪ್ಪತ್ತೆರಡು, ಚಿತ್ತಾಪುರಕ್ಕೆ ಕೊಟ್ಟದ್ದು, ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಎರಡು ದಿನ ಬೇನೆ ತಿಂದರೂ ಹೆರಿಗೆಯಾಗದೆ ಶಹಾಬಾದಿನ ಹೊನ್ನಶೆಟ್ಟಿ ಧರ್ಮಾಸ್ಪತ್ರೆಗೆ ಒಯ್ದರು. ಫೆಬ್ರವರಿ 5ರ ಶುಕ್ರವಾರ ಮಧ್ಯಾಹ್ನ ಹೊಟ್ಟೆ ಕೊಯ್ದು ಕೂಸು ತೆಗೆಯುವ ಮುನ್ನ ಕಂಪೌಂಡರ್ ಮಜೀದಸಾಬ ಮೂಗಿನ ಮೇಲೆ ಬಟ್ಟೆಯಿಟ್ಟು ಕ್ಲೋರೋಫಾರ್ಮ್ ಹನಿಸಿದ. ಹನಿಸಿದ್ದು ಹೆಚ್ಚಾಯಿತು. ಕೂಸು ಉಳಿಯಿತು, ತಾಯಿ ಹೋದಳು. ಔಷಧ ಕೊಡುವ ಮುಂಚೆ ಯಾರೂ ತಮ್ಮನ್ನು ಏನೂ ಕೇಳಲಿಲ್ಲ. ಮಗಳಿಗೆ ಯಾವ ಜಡ್ಡೂ, ಕಾಯಿಲೆಯೂ ಇರಲಿಲ್ಲ.

“ಏನೂ ಜಡ್ಡಿದ್ದಿಲ್ಲ?”

“ಇದ್ದಿಲ್ರಿ.”

ಅಪರಾಧ ಸಂಖ್ಯೆ 14, ಕಲಂ 304-ಎ, ನಿರ್ಲಕ್ಷ್ಯದಿಂದ ಸಾವು. ಭಾಗಮ್ಮ ಹೆಬ್ಬೆಟ್ಟು ಒತ್ತಿದಳು. ಒತ್ತುವಾಗಲೂ ಕೂಸನ್ನು ಬೆಂಚಿನ ಮೇಲೆ ಮಲಗಿಸಲಿಲ್ಲ. ಅವಳ ಹಣೆಯಲ್ಲಿ ವಿಭೂತಿ ಇರಲಿಲ್ಲ. ದುಃಖದಲ್ಲಿ ಮರೆತಿದ್ದಾಳೆ ಎಂದುಕೊಂಡು ದೇವಿಂದ್ರಪ್ಪ ಅದನ್ನು ಅಲ್ಲಿಗೇ ಬಿಟ್ಟ.

ಅವಳು ಹೋದ ಮೇಲೆ ಕಾರ್ಡನ್ನು ಮತ್ತೆ ಹೊರತೆಗೆದ. ಚಿಂಚೋಳಿ ಕಡೆಯ ಮಾವನ ಮನೆಯಿಂದ ಬಂದದ್ದು. ಅವನ ಹೆಂಡತಿ ಗುರುಲಿಂಗಮ್ಮನಿಗೆ ಏಳು ತಿಂಗಳು. ಅವಳೂ ಹೆರಿಗೆಗೆ ತವರಿಗೆ ಹೋಗಿದ್ದಳು. ಅವಳಿಗೆ ಓದು ಬರಹ ಬಾರದು. ಇವನು ಬರೆದದ್ದನ್ನು ಅವಳ ಅಣ್ಣ ಪಡಸಾಲೆಯಲ್ಲಿ ಕುಳಿತು ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಿದ್ದ, ಉತ್ತರವನ್ನೂ ಅವನೇ ಬರೆಯುತ್ತಿದ್ದ: ಇಲ್ಲಿ ಎಲ್ಲರೂ ಕ್ಷೇಮ. ಆರು ಕಾರ್ಡು ಬಂದಿದ್ದವು, ಆರರಲ್ಲೂ ಅದೇ ಮಾತು. ಠಾಣೆಯ ಹಿಂದಿನ ಒಂದೇ ಕೋಣೆಯಲ್ಲಿ ಖಾನಾವಳಿಯ ರೊಟ್ಟಿ ತಿನ್ನುತ್ತ ಅವನು ಆ ಆರನ್ನೂ ಎಷ್ಟು ಸಲ ಓದಿದರೂ ಹೆಂಡತಿ ಎಲ್ಲೂ ಸಿಗುತ್ತಿರಲಿಲ್ಲ.

10ನೇ ತಾರೀಖು ವಾಡಿಯಲ್ಲಿ ಗಾಡಿ ಬದಲಿಸಿ, ಹನ್ನೊಂದೂವರೆಗೆ ಅಬ್ದುಲ್ ಗನಿಯ ಜೊತೆ ಶಹಾಬಾದಿಗಿಳಿದ. ಆಸ್ಪತ್ರೆಯ ಮುಂಗಟ್ಟಿನ ಗಾಜುಗಳು ಆಗಲೇ ಒಡೆದಿದ್ದವು. ಶನಿವಾರ ಬಜಾರದ ಮಂದಿ ಕಲ್ಲು ತೂರಿದ್ದರು. ಹಾಸುಗಲ್ಲಿನ ಗಣಿಗಳ ಊರಾದ ಶಹಾಬಾದಿನಲ್ಲಿ ಕಲ್ಲಿಗೇನು ಬರ? ಅಲ್ಲಿನ ಸಬ್ ಇನ್ಸ್‌ಪೆಕ್ಟರ್ ಕಂಪೌಂಡರನನ್ನು ಹೊಡೆತದಿಂದ ಉಳಿಸಲೆಂದು ಠಾಣೆಯೊಳಗೆ ಕೂರಿಸಿದ್ದ. ಸೇಡಂ ಠಾಣೆಯ ಎಫ್‌ಐಆರ್ ಬಂದದ್ದೇ ತಡ, ಆ ಕೂರಿಸಿದ್ದು ದಸ್ತಗಿರಿಯಾಗಿ ಹೋಯಿತು. ಗುಲ್ಬರ್ಗದ ಪೊಲೀಸ್ ಸಾಹೇಬರು ಹತ್ತು ದಿನದೊಳಗೆ ಚಾರ್ಜ್‌ಶೀಟು ಬೇಕೆಂದಿದ್ದರು. ಸಾಬೀತಾದರೆ ಮಜೀದಸಾಬನಿಗೆ ಎರಡು ವರ್ಷ ಜೈಲು. ಜೈಲಿನಿಂದ ಹೊರಗೆ ಬಂದಮೇಲೂ ಬಾಣಂತಿಯನ್ನು ಕೊಂದವನು ಎಂಬ ಹೆಸರು ಬಿಡುವುದಿಲ್ಲ.

ಮಜೀದಸಾಬನಿಗೆ ಐವತ್ತೆಂಟು. ಒಂದು ಕಿವಿ ಮಂದ. ಅದಕ್ಕೇ ಎಲ್ಲರಿಗೂ ಕಿವುಡು ಎಂಬಂತೆ ಒದರಿ ಮಾತಾಡುವ ಚಾಳಿ. ಲಾಕಪ್ಪಿನೊಳಗೆ ಮಾತ್ರ ಅವನ ದನಿ ನೆಲ ಹಿಡಿದಿತ್ತು.

“ಎಷ್ಟ್ ವರ್ಷದಿಂದ ಈ ಕೆಲಸ?”

“ಇಪ್ಪತ್ತೆರಡು ಸಾಬ್.”

“ಔಷಧ ಹನಿಸೋ ಮೊದಲ ಏನರೆ ಕೇಳ್ತೀಯೇನು?”

“ಮೂರು ಸವಾಲ್ ಸಾಬ್. ಎದಿ ಬ್ಯಾನಿ ಅದೇನು? ದಮ್ಮು ಹತ್ತತದೇನು? ಗಂಟಲದಾಗ ಬಾವು, ಗಡ್ಡಿ ಅದೇನು? ಜೋಡಿ ಬಂದವ್ರಿಗೆ ಕೇಳಿ, ಕಿತಾಬಿನ್ಯಾಗ ಬರದು, ಹೆಬ್ಬೆಟ್ಟು ತಗೋತೀನಿ. ಡಾಕ್ಟರ್ ಅಮ್ಮಾಂದು ಕಾಯ್ದಾ.”

“ಅವತ್ತ ಯಾರಿಗಿ ಕೇಳ್ದಿ?”

“ಆಕೀ ತಾಯಿಗಿ. ಬಾಗಲದಾಗ ನಿಂತು ಕೇಳ್ದೆ. ಮೂರಕ್ಕೂ ಇಲ್ಲ ಅಂದ್ಲು.”

“ಅಲ್ಲಿ ಮತ್ಯಾರಿದ್ರು?”

“ಬೀಗರು ಸಾಬ್. ಹುಡುಗಿ ಮಾವ, ಗಂಡ. ಚಿತ್ತಾಪುರದಾಗ ಅದೇ ಗಾಡಿ ಹತ್ತಿ ಬಂದಿದ್ರು.”

“ಹುಡುಗಿ ಏನರೆ ಅಂದ್ಳಾ?”

ಮಜೀದಸಾಬ ತನ್ನ ಎರಡೂ ಕೈ ನೋಡಿಕೊಂಡ. “ಕುಂದ್ರಸ್ರಿ ಅಂದ್ಲು. ಎರಡ್ ಸರ್ತಿ ಏಳಾಕ ನೋಡಿದ್ಲು. ಬ್ಯಾನಿ ತಿನ್ನೋ ಹೆಂಗಸ್ರು ಎಲ್ಲಾರೂ ಹಾಂಗೇ ಅಂತಾರ ಸಾಬ್. ಹಿಡದು ಮಲಗಿಸಿದ್ವಿ. ಎಣಿಸಿ ಹಾಕೀನಿ, ಖುದಾನ ಆಣಿ. ಆದ್ರ ಇಲ್ಲಿ ಕುಂತು ಕುಂತು ಈಗ ಎಣಿಕಿನೇ ತಪ್ಪಲಿಕತ್ತದ. ಒಂದು ಹನಿ ಹೆಚ್ಚಾಗಿತ್ತೇನೋ, ಯಾರಿಗಿ ಗೊತ್ತು?”

ಆಪಾದಿತನೇ ಹೀಗಂದರೆ ಬರೆದುಕೊಳ್ಳುವ ಪೊಲೀಸರು ಬೇಕಾದಷ್ಟಿದ್ದಾರೆ. ದೇವಿಂದ್ರಪ್ಪ ಕೊನೆಯ ಮಾತನ್ನು ಬರೆಸಲಿಲ್ಲ.

ಆಸ್ಪತ್ರೆಯ ವೈದ್ಯೆ ಅಖ್ತರ ಬೇಗಂ ಮುಚ್ಚಿಡುವ ಪೈಕಿ ಅಲ್ಲ. ಎದೆಗೆ ನಳಿಕೆ ಹಚ್ಚಿ ಕೇಳಿದ್ದೆ ಎಂದಳು. ಬಡಿತ ಓಡುತ್ತಿತ್ತು, ಎರಡು ದಿನದ ಬೇನೆಗೆ ಯಾರ ಎದೆಯಾದರೂ ಓಡುತ್ತದೆ ಎಂದುಕೊಂಡೆ, ಎಂದಳು.

“ಎದಿ ಜಡ್ಡು ಇದ್ರ ಕ್ಲೋರೋಫಾರ್ಮ್ ಭಾಳ ಖರಾಬ್ ಇನ್ಸ್‌ಪೆಕ್ಟರ್ ಸಾಹೇಬ್ರ. ಎದಿ ಹಂಗೇ ನಿಂತುಬಿಡ್ತದ. ಗಂಟಲದಾಗ ಒಳಗಡಿ ಗಡ್ಡಿ ಇದ್ರಂತೂ ಮಲಗಿಸಿದ ಕೂಡ್ಲೆ ಉಸಿರಿನ ದಾರಿ ಒತ್ತತದ. ಆಕೀ ಮುಖಾ ನೀಲಿ ಆದಾಗ ನಾ ಗಂಟಲಕ್ಕ ಕೈ ಹಾಕ್ದೆ. ಕೊರಳ ಕೆಳಗಿನ ಎಲುಬಿನ ಹಿಂದ ಏನೋ ಗಟ್ಟಿ ಹತ್ತಿತು. ವೇಳ್ಯಾ ಮೀರಿತ್ತು.”

“ಮೊದಲೇ ಗೊತ್ತಿದ್ದರ?”

ಅವಳು ಎದ್ದು ಕಪಾಟು ತೆರೆದು ಚಿಕ್ಕ ಗಾಜಿನ ಶೀಷೆಗಳ ಸಾಲು ತೋರಿಸಿದಳು. “ಜೋಮು ಹಿಡಿಸೋ ಸೂಜಿಮದ್ದು. ಒರಗಿಸಿ ಕುಂದ್ರಿಸಿ, ಕೊಯ್ಯೋ ಜಾಗಕ್ಕಷ್ಟೇ ಹಾಕಿ ಮಾಡ್ತಿದ್ದೆ. ಇಲ್ಲೇ ಇತ್ತು.”

ಪುಸ್ತಕದಲ್ಲಿ ಉರ್ದು ಬರಹ. ಮೂರು ಪ್ರಶ್ನೆ, ಮೂರು ‘ನಹೀಂ’, ಕೆಳಗೊಂದು ಹೆಬ್ಬೆಟ್ಟು. ಅಬ್ದುಲ್ ಗನಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಹೆಬ್ಬೆಟ್ಟಿನ ಮಸಿ ಅಕ್ಷರಗಳ ಮೇಲೆ ಕೂತಿತ್ತು. ಅಂದರೆ ಬರೆದ ಮೇಲೆ ಒತ್ತಿದ್ದು. ಸತ್ತ ಮೇಲೆ ತುಂಬಿದ ಸುಳ್ಳಲ್ಲ. ಆದರೆ ಅಕ್ಷರ ಬಾರದವಳ ಹೆಬ್ಬೆಟ್ಟು, ಏನನ್ನು ಓದಿ ಹೇಳಿ ಒತ್ತಿಸಿಕೊಂಡರು ಎಂಬುದನ್ನು ಹೇಳುವುದಿಲ್ಲ. ಕೋರ್ಟಿನಲ್ಲಿ ಅದು ಒಬ್ಬನ ಮಾತಿಗೆ ಒಬ್ಬಳ ಮಾತು ಅಷ್ಟೇ. ಹೆಣವನ್ನು ಕೊಯ್ದು ನೋಡಿರಲಿಲ್ಲ. ತಾಸಿನೊಳಗೆ ಬೀಗರು ಅದನ್ನು ಚಿತ್ತಾಪುರಕ್ಕೆ ಒಯ್ದು, ಲಿಂಗವಂತರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದ್ದರು.

“ಎದಿ ಕವಾಟ ಬಿಗದು ಗಟ್ಟಿ ಆಗಿದ್ರ ಈಗ್ಲೂ ಗುರುತು ಸಿಗ್ತದ,” ಎಂದಳು ಅಖ್ತರ ಬೇಗಂ. “ಮಣ್ಣು ತೆಗಿಸ್ಬೇಕು, ಅಷ್ಟೇ.”

ಅಷ್ಟೇ ಎನ್ನುವುದು ಸುಲಭ. ದೇವಿಂದ್ರಪ್ಪನೂ ಕೊರಳಲ್ಲಿ ಲಿಂಗ ಕಟ್ಟಿದವನು. ಕೂರಿಸಿದ ಸಮಾಧಿಯನ್ನು ತೆರೆಯುವುದು ಎಂದರೇನು ಎಂದು ಅವನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

12ನೇ ತಾರೀಖು ಚಿತ್ತಾಪುರ. ಸತ್ತವಳ ಮಾವ ಗುರುಲಿಂಗಪ್ಪ ತಲೆಗೆ ರುಮಾಲು ಸುತ್ತಿಕೊಂಡು ನೆಟ್ಟಗೆ ಕುಳಿತು ಉತ್ತರ ಕೊಟ್ಟ.

“ದವಾಖಾನ್ಯಾಗ ಕಂಪೌಂಡರ ಏನರೆ ಕೇಳಿದ್ನಾ?”

“ನಮಗ ಕೇಳಿಸ್ಲಿಲ್ರಿ.”

“ಅವನ ದನಿ ಟೇಶನ್ ತನಕ ಕೇಳಸ್ತದ.”

“ಬೀಗತಿ ಕೇಳ್ಲಿಲ್ಲ ಅಂದಾರಲ್ರಿ. ಅವರ ಮಾತಿಗೆ ನಾ ಎದುರು ಹೇಳಂಗಿಲ್ಲ.”

“ಹುಡುಗಿಗೆ ಮೊದಲಿಂದ ಜಡ್ಡಿತ್ತೇನು?”

“ನಿಶ್ಚಯದಾಗ ಸ್ವಾಮಿಗಳ ಮುಂದ ಕೇಳೀವ್ರಿ. ಭಾಗಮ್ಮ ಲಿಂಗ ಮುಟ್ಟಿ ಹೇಳ್ಯಾಳ, ನನ್ನ ಮಗಳಿಗಿ ಏನೂ ಇಲ್ಲಂತ. ಲಿಂಗ ಮುಟ್ಟಿದ ಮ್ಯಾಲ ಮತ್ತ ಕೇಳೋದಿರ್ತದೇನ್ರಿ?”

ಹೇಳಿಕೆ ಬರೆಸಿ ಹೊರಟಾಗ ಗಂಡ ಸೂಗಪ್ಪ ಹಿಂದೆಯೇ ಬಂದ. ಬಾವಿ ದಾಟಿ, ಮನೆ ಮರೆಯಾದ ಮೇಲೆ ಬಾಯಿಬಿಟ್ಟ.

“ಕಂಪೌಂಡರ ಕೇಳಿದ್ರು ಸಾಹೇಬ್ರ. ಮೂರೂ ಕೇಳಿದ್ರು. ಅತ್ತಿ ಇಲ್ಲಂದ್ರು. ಅಪ್ಪನೂ ಕೇಳಿಸ್ಕೊಂಡಾನ.”

“ಮತ್ತ ಆಗ್ಯಾಕ ಸುಮ್ನ ನಿಂತಿ?”

“ನೀರಿನ ಕೊಡ ಹೊತ್ತು ಬರುವಾಗ ಆಕಿ ಎರಡ್ ಕಡಿ ನಿಲ್ತಿದ್ಲು. ರಾತ್ರಿ ಎದ್ದು ಕುಂದ್ರತಿದ್ಲು. ಅಪ್ಪಗ ಹೇಳ್ಬ್ಯಾಡಂತ ನನ್ನ ಕೈ ಹಿಡದಿದ್ಲು. ಹೆಂಡ್ತಿ ಸುದ್ದಿ ಎಲ್ಲಾರ ಮುಂದ ಹ್ಯಾಂಗ ಒದರ್ಲಿ? ಅತ್ತಿ ತಾಯಿ ಅದಾರ, ಅವ್ರು ಹೇಳ್ತಾರ ಅನ್ಕೊಂಡೆ.”

“ಇದನ್ನ ಕಾಗದದ ಮ್ಯಾಲ ಹೇಳ್ತೀಯಾ?”

ಸೂಗಪ್ಪ ಮನೆಯ ಕಡೆ ನೋಡಿ ಇಲ್ಲವೆಂದು ತಲೆಯಲ್ಲಾಡಿಸಿದ. ಇಪ್ಪತ್ತಾರು ವರ್ಷದ ಗಂಡಸು, ಹೆಂಡತಿ ಮಣ್ಣಿಗೆ ಹೋದ ಮೇಲೂ ಅಪ್ಪನ ಮುಂದೆ ಬಾಯಿ ತೆರೆಯಲಾರ. ದೇವಿಂದ್ರಪ್ಪನಿಗೆ ಮೊದಲು ಸಿಟ್ಟು ಬಂತು. ಆಮೇಲೆ, ತಾನು ಏಳು ತಿಂಗಳಲ್ಲಿ ಹೆಂಡತಿಯ ಉಸಿರಿನ ಬಗ್ಗೆ ಒಮ್ಮೆಯೂ ಕೇಳಿಲ್ಲ ಎಂಬುದು ನೆನಪಾಗಿ ಸಿಟ್ಟು ಇಳಿಯಿತು.

13ರಂದು ಒಂಬತ್ತು ಗಂಟೆಗೆ ಮಳಖೇಡದಲ್ಲಿ ಭಾಗಮ್ಮನ ಮನೆಯ ಪಂಚನಾಮೆ. ಕಾಗಿಣಾ ನದಿಯ ಕಡೆ ಮುಖ ಮಾಡಿದ ಎರಡು ಅಂಕಣದ ಮನೆ. ಪಂಚರಿಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದರು. ಅಳತೆಯ ಕೆಲಸ ಕಾನ್‌ಸ್ಟೇಬಲ್ ಮಶಾಕನದು. ಠಾಣೆಯ ಟೇಪನ್ನು ಇಲಿ ತಿಂದಮೇಲೆ ಅವನು ತನ್ನ ಲಾಠಿಗೇ ಇಂಚು ಕೆತ್ತಿಕೊಂಡಿದ್ದ. ಈಗ ಕಂಡದ್ದನ್ನೆಲ್ಲ ಅಳೆಯದಿದ್ದರೆ ಅವನಿಗೆ ಸಮಾಧಾನವಿಲ್ಲ. ಬಾಗಿಲು ಅಳೆದ, ಕಿಟಕಿ ಅಳೆದ, ಬೀಸುವ ಕಲ್ಲು ಅಳೆದ.

“ಸಾಬ್, ಇದೊಂದು ಬರ್ಕೋಬೇಕೇನು?”

ಒಳಕೋಣೆಯ ಮೂಲೆಯಲ್ಲಿ, ಸುಣ್ಣದ ಗೋಡೆಯ ಮೇಲೆ ಎಣ್ಣೆಯ ಕಲೆ. ಅಂಗೈಯಗಲದ ದುಂಡು ಗುರುತು, ನಡುವೆ ಕಪ್ಪು, ಅಂಚಿಗೆ ಹಳದಿ. ಅದರಲ್ಲಿ ಎರಡು ಉದ್ದ ಕೂದಲು ಅಂಟಿದ್ದವು. ನೆಲದಿಂದ ಮೂವತ್ತೊಂದು ಇಂಚು. ಕೆಳಗೆ ಹಾಸಿದ ಕೌದಿ, ಗೋಡೆಗೆ ಆನಿಸಿಟ್ಟ ಜೋಳದ ಹೊಟ್ಟಿನ ಚೀಲ.

ದೇವಿಂದ್ರಪ್ಪ ಟೋಪಿ ತೆಗೆದು ಕೌದಿಯ ಮೇಲೆ ಕುಳಿತು, ಚೀಲಕ್ಕೆ ಬೆನ್ನು ಕೊಟ್ಟು ತಲೆಯನ್ನು ಹಿಂದಕ್ಕೆ ಆನಿಸಿದ. ಅವನು ಎತ್ತರದವನು, ಕಲೆ ಅವನ ಕುತ್ತಿಗೆಯ ಹತ್ತಿರ ಬಂತು. ಗಿಡ್ಡ ಹುಡುಗಿಗೆ ಸರಿಯಾಗಿ ನೆತ್ತಿಯ ಹಿಂದೆ ಬರಬೇಕು. ಒಂದೆರಡು ರಾತ್ರಿಯ ಕಲೆಯಲ್ಲ ಅದು. ಕೂತು ನಿದ್ದೆ ಮಾಡಿದ ತಿಂಗಳುಗಟ್ಟಲೆ ರಾತ್ರಿಗಳು ಆ ಗೋಡೆಗೆ ಹತ್ತಿದ್ದವು.

“ಇಲ್ಲಿ ಯಾರ್ ಕುಂದ್ರತಿದ್ರವ್ವಾ?”

ಭಾಗಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಕೂಸು ಹೆಗಲಿಗಿತ್ತು, ನೆಟ್ಟಗೆ.

“ಬಸುರಿ ಹೆಂಗಸು. ಬೆನ್ನು ನೋವಂತ ಕುಂದ್ರತಿದ್ಲು.”

ಪಕ್ಕದ ಮನೆಯ ಜೈತುನ್‌ಬೀ ತನ್ನ ಆರು ತಿಂಗಳ ಮಗುವಿನ ಜೊತೆ ಈ ಕೂಸಿಗೂ ಮೊಲೆ ಕೊಡುತ್ತಿದ್ದಳು. ಅವಳು ಸುತ್ತಿಬಳಸಿ ಮಾತಾಡುವವಳಲ್ಲ.

“ದಿವಳಗಿಯಿಂದ ಆ ಹುಡುಗಿ ಬೆನ್ನು ನೆಲಕ್ಕ ಹಚ್ಚಿಲ್ರಿ. ಮಲಗಿದ್ರ ಮೀನದಂಗ ಬಾಯಿ ತೆರೀತಿತ್ತು. ಡಿಸೆಂಬರದಾಗ ತಾಯಿ ಮಗಳು ಹೈದ್ರಾಬಾದಿಗಿ ಹೋಗಿ ಬಂದ್ರು. ದೇವರಿಗೆ ಹೋಗಿದ್ವಿ ಅಂದ್ರು. ಪರಸಾದ ತರ್ಲಿಲ್ಲ.”

ಹೈದರಾಬಾದಿನ ದೊಡ್ಡ ಆಸ್ಪತ್ರೆಗಳಿಗೆ ದೇವಿಂದ್ರಪ್ಪ ಅಂದೇ ತಂತಿ ಕಳಿಸಿದ. ಚೀಟಿಯ ನಂಬರಿಲ್ಲದೆ ಹುಡುಕಲಾಗದು ಎಂದು ಸೋಮವಾರ ಉತ್ತರ ಬಂತು. ನಂಬರಿರುವ ಚೀಟಿ ಮನೆಯಲ್ಲಿ ಸಿಕ್ಕಿರಲಿಲ್ಲ. ಪೆಟ್ಟಿಗೆ, ಗಡಿಗೆ, ಮಾಡಿನ ಸಂದು, ಎಲ್ಲ ನೋಡಿದ್ದರು.

ಇನ್ನೊಂದು ಸಂಗತಿ ಪಂಚನಾಮೆಯಲ್ಲಿ ಬರೆಯುವಂಥದ್ದಾಗಿರಲಿಲ್ಲ. ಹನ್ನೊಂದರ ಸುಮಾರಿಗೆ ಜೈತುನ್‌ಬೀ ಕೂಸಿಗೆ ಹಾಲು ಕೊಡುತ್ತಿದ್ದಾಗ ಭಾಗಮ್ಮ ಒಲೆಯ ಮುಂದೆ ಕುಳಿತು ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. ಹಣೆ ಇವತ್ತೂ ಬರಿದಾಗಿತ್ತು. ಲಿಂಗ ಕಟ್ಟಿದವರು ಲಿಂಗಪೂಜೆ ಮಾಡದೆ ತುತ್ತೆತ್ತುವುದಿಲ್ಲ. ಸಾವಿನ ಮನೆಯೆಂದು ಬಿಡುವ ಹಾಗೂ ಇಲ್ಲ; ಅವರಿಗೆ ಸೂತಕವಿಲ್ಲ. ದೇವಿಂದ್ರಪ್ಪನ ಅವ್ವ ಕಾಲರಾದಲ್ಲಿ ಮಲಗಿದ್ದಾಗಲೂ ಅಂಗೈಯಲ್ಲಿ ಲಿಂಗ ಹಿಡಿದೇ ಗಂಜಿ ಕುಡಿದವಳು. ಭಾಗಮ್ಮನ ಎದೆಯ ಮೇಲೆ ಬೆಳ್ಳಿಯ ಕರಡಿಗೆ ಇತ್ತು. ಅದರೊಳಗೆ ಲಿಂಗವಿತ್ತು. ಅವಳು ಅದನ್ನು ತೆರೆಯುತ್ತಿರಲಿಲ್ಲ ಅಷ್ಟೇ.

ಇನ್ನೊಬ್ಬರ ಕರಡಿಗೆಯನ್ನು ಮುಟ್ಟುವ ಅಧಿಕಾರ ಯಾವ ಇನ್ಸ್‌ಪೆಕ್ಟರಿಗೂ ಇಲ್ಲ ಎಂದು ಅವನು ನಂಬಿದ್ದ. ಕಾಯಿದೆ ಬೇರೆ ಹೇಳುತ್ತಿತ್ತು. ಆ ದಿನ ಅವನು ಕಾಯಿದೆಯ ಮಾತು ಕೇಳಲಿಲ್ಲ.

15ರ ಸಂಜೆ ತಹಸೀಲ್ದಾರರ ಹುಕುಂ ಬಂತು: 17ರ ಬುಧವಾರ ಬೆಳಿಗ್ಗೆ ಎಂಟಕ್ಕೆ ಸಮಾಧಿ ತೆಗೆಯುವುದು, ಗುಲ್ಬರ್ಗದ ಸಿವಿಲ್ ಸರ್ಜನ್ ಹಾಜರಿರುವುದು. ದೂರು ಕೊಟ್ಟ ಹತ್ತಿರದ ಸಂಬಂಧಿಗೆ ನೋಟಿಸು ಮುಟ್ಟಿಸಿ ಹೆಬ್ಬೆಟ್ಟು ಪಡೆಯಬೇಕು. ಜಮಾದಾರನನ್ನು ಕಳಿಸಬಹುದಾಗಿತ್ತು. ದೇವಿಂದ್ರಪ್ಪ ತಾನೇ ಹೋದ, ಅಬ್ದುಲ್ ಗನಿಯನ್ನೂ ಮಶಾಕನನ್ನೂ ಕರೆದುಕೊಂಡ.

16, ಮಂಗಳವಾರ, ಹತ್ತು ಗಂಟೆ. ಭಾಗಮ್ಮ ಅದೇ ಎಣ್ಣೆಗುರುತಿನ ಕೆಳಗೆ ಕುಳಿತಿದ್ದಳು.

“ನಾಳಿ ಮುಂಜಾನಿ ಚಿತ್ತಾಪುರದಾಗ ಮಣ್ಣು ತೆಗೀತಾರವ್ವಾ. ಇದಕ್ಕ ನಿಮ್ಮ ಹೆಬ್ಬೆಟ್ಟು ಬೇಕು.”

“ತೆಗದು ಏನ್ ಮಾಡ್ತಾರ್ರಿ?”

“ದೊಡ್ಡ ಡಾಕ್ಟರ್ ಬರ್ತಾರ. ಆಕೀ ಎದಿ, ಗಂಟಲಾ ನೋಡ್ತಾರ. ಜಡ್ಡಿತ್ತೋ ಇಲ್ಲೋ ಗೊತ್ತಾಗ್ತದ.”

“ಕುಂತಲ್ಲೇ ನೋಡ್ತಾರಾ?”

“ಇಲ್ಲವ್ವಾ. ಹೊರಗ ತೆಗದು, ಹಲಗಿ ಮ್ಯಾಲ ಹಾಕಿ…”

“ಮಲಗಿಸ್ತಾರಾ?”

“ಹೌದು.”

“ಅಂಗಾತ?”

ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. “ಅಂಗಾತ,” ಎಂದ.

ಭಾಗಮ್ಮ ಎದ್ದಳು. ಕೂಸನ್ನು ಹೊಸ್ತಿಲಲ್ಲಿದ್ದ ಜೈತುನ್‌ಬೀಯ ಕೈಗೆ ಕೊಟ್ಟು ಅವಳ ಮನೆಗೆ ಕಳಿಸಿದಳು. ಹಿತ್ತಲಿಗೆ ಹೋಗಿ ಕೈಕಾಲು ಮುಖ ತೊಳೆದು ಬಂದು, ಪೂರ್ವಕ್ಕೆ ಮುಖ ಮಾಡಿ ಕುಳಿತು ಕರಡಿಗೆಯನ್ನು ಬಿಚ್ಚಿದಳು. ಅಬ್ದುಲ್ ಗನಿ ತಾನಾಗಿಯೇ ಹೊರಗೆ ಹೋಗಿ ಕಟ್ಟೆಯ ಮೇಲೆ ನಿಂತ. ಅವಳು ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡಳು. ಅದರ ಕೆಳಗೆ, ಎಂಟು ಮಡಿಕೆಯಾಗಿ ಮಡಚಿದ ಕಾಗದವಿತ್ತು. ಅದನ್ನು ಬಲಗೈಯಿಂದ ಎತ್ತಿ ಅವನ ಕಡೆ ಚಾಚಿದಳು. ದೇವಿಂದ್ರಪ್ಪ ಎರಡೂ ಕೈಯೊಡ್ಡಿ ತೆಗೆದುಕೊಂಡ.

ಹೈದರಾಬಾದಿನ ಚೀಟಿ, 1953ರ ಡಿಸೆಂಬರ್ 14ರದು. ಇಂಗ್ಲಿಷಿನಲ್ಲಿ ಆರು ಸಾಲು. ಹೃದಯದ ಕವಾಟ ಬಿಗಿದು ಸಣ್ಣದಾಗಿದೆ. ಗಂಟಲ ಗಡ್ಡೆ ಒಳಗಿನಿಂದ ಶ್ವಾಸನಾಳವನ್ನು ಒತ್ತಿದೆ. ಅಂಗಾತ ಮಲಗಿಸಬಾರದು. ಕ್ಲೋರೋಫಾರ್ಮ್ ಕೊಡಬಾರದು. ಕೊಯ್ಯಲೇಬೇಕಾದರೆ ಒರಗಿಸಿ ಕೂರಿಸಿ, ಆ ಜಾಗಕ್ಕಷ್ಟೇ ಜೋಮಿನ ಸೂಜಿ ಕೊಟ್ಟು ಮಾಡಬೇಕು. ಹೆರಿಗೆಯ ತನಕ ಇಲ್ಲಿಯೇ ಉಳಿಯುವುದು ಒಳ್ಳೆಯದು.

“ಇದರಾಗ ಏನದ ಗೊತ್ತಿತ್ತೇನವ್ವಾ?”

“ಅಲ್ಲಿ ಓದಿ ಹೇಳ್ಯಾರ್ರಿ. ಸಣ್ಣಾಕಿದ್ದಾಗ ಆಕೀಗ ಕೀಲು ಕೀಲು ಬಾತು ಜ್ವರ ಬಂದಿತ್ತು. ಅದು ಎದ್ಯಾಗ ಕುಂತದಂದ್ರು. ಜ್ವರದ ಸುದ್ದಿ ತಿಳದು ಎರಡು ಸಂಬಂಧ ಮುರದ್ವು. ಅದಕ್ಕೇ ಮೂರನೇದ್ದಕ್ಕ ಲಿಂಗ ಮುಟ್ಟಿದೆ.”

“ಶಹಾಬಾದದಾಗ ಯಾಕ ಹೇಳ್ಲಿಲ್ಲ?”

“ಚೀಟಿ ಕೊರಳಾಗೇ ಇತ್ತಲ್ರಿ. ಕೊಡ್ಬೇಕಂತೇ ಒಯ್ದಿದ್ದೆ. ಆ ಸಾಬ ಬಾಗಲದಾಗ ನಿಂತು ಊರಿಗೆಲ್ಲಾ ಕೇಳೂವಂಗ ಒದರಿ ಕೇಳ್ದ. ಬೀಗರು ಬಾಜೂಕ ನಿಂತಾರ. ಇಲ್ಲ ಅನ್ನೋದು ಬಾಯಿಗಿ ತಾನೇ ಬಂತು. ಒಳಗ ಹೋದ ಮ್ಯಾಲ ಡಾಕ್ಟರಮ್ಮನ ಕಿವ್ಯಾಗ ಹೇಳೋಣು ಅಂದ್ಕೊಂಡೆ. ಬಾಗಲಾ ಹಾಕ್ಕೊಂಡ್ರು.”

“ಬಾಗಲಾ ಬಡೀಲಿಲ್ಲೇನು?”

“ಬೀಗರು ಅಲ್ಲೇ ನಿಂತಿದ್ರು.”

ದೇವಿಂದ್ರಪ್ಪ ಚೀಟಿಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿದ. ಆಮೇಲೆ ಅವಳೇ ಮುಂದುವರಿಸಿದಳು. “ಕುಂದ್ರಸ್ರಿ ಅಂದದ್ದು ಹೊರಗ ಕೇಳಿಸ್ತು. ನನಗ ಕೇಳಿಸ್ತು. ಮಣ್ಣಿನ್ಯಾಗ ಇಳಸುವಾಗ ಕುಂದ್ರಸಿದ್ರಲ್ಲಾ, ಆಗ ಅನಿಸ್ತು, ಈಗ ಕುಂದ್ರಸಿದ್ರಿ ನೋಡ್ರಪ್ಪಾ ಅಂತ.”

ದೇವಿಂದ್ರಪ್ಪನಿಗೆ ಕೇಳಬೇಕಾದ ಪ್ರಶ್ನೆ ಇನ್ನೊಂದಿತ್ತು. ಕೇಳಲು ಮನಸ್ಸಿರಲಿಲ್ಲ, ಲಾಕಪ್ಪಿನಲ್ಲಿ ಹನಿ ಎಣಿಸುತ್ತ ಕೂತ ಮುದುಕನ ಮುಖ ನೆನೆದು ಕೇಳಿದ.

“ಆದದ್ದು ಆತು. ಮಜೀದಸಾಬನ ಮ್ಯಾಲ ಯಾಕ ಹಾಕಿದ್ರವ್ವಾ? ಆತ ನಿಮಗೇನ್ ಮಾಡಿದ್ದ?”

ಅವಳು ಅಂಗೈಯ ಲಿಂಗವನ್ನೇ ನೋಡುತ್ತಿದ್ದಳು.

“ಏನೂ ಮಾಡಿಲ್ರಿ. ಆದ್ರ ಯಾರರೆ ಮಾಡಿರಬೇಕಿತ್ತಲ್ರಿ. ಈ ಮನ್ಯಾಗ ನಾ ಒಬ್ಬಾಕೀನೇ ಇರಾಕಿ. ಆಕೀನ್ನ ಕೊಂದಾಕೀ ಜೋಡಿ ಒಬ್ಬಾಕೀನೇ ಹ್ಯಾಂಗ ಇರ್ಲಿ?”

ಹತ್ತೂ ಐವತ್ತಕ್ಕೆ ಪಂಚರ ಸಮಕ್ಷಮ ಚೀಟಿಯನ್ನು ಜಪ್ತಿ ಮಾಡಲಾಯಿತು. ಹನ್ನೊಂದೂ ಇಪ್ಪತ್ತಕ್ಕೆ, ಸಾಕ್ಷ್ಯ ಮರೆಮಾಚಿದ್ದು ಮತ್ತು ಸುಳ್ಳು ಆಪಾದನೆ ಮಾಡಿದ್ದರ ಮೇಲೆ ಭಾಗಮ್ಮನ ದಸ್ತಗಿರಿ. ಸಮಾಧಿ ತೆಗೆಯುವುದು ಬೇಡವೆಂದು ತಹಸೀಲ್ದಾರರಿಗೆ ತಂತಿ ಬರೆದು, ಟೇಶನ್ನಿಗೆ ಮಶಾಕನನ್ನು ಓಡಿಸಿದರು. ಹೊರಡುವ ಮೊದಲು ಭಾಗಮ್ಮ ಜೈತುನ್‌ಬೀಯ ಮನೆಯ ಬಾಗಿಲಲ್ಲಿ ನಿಂತಳು. ಕೂಸು ಚಾಪೆಯ ಮೇಲೆ ಅಂಗಾತ ಬಿದ್ದು, ಎರಡೂ ಕೈ ಮೇಲಕ್ಕೆ ಚೆಲ್ಲಿ ನಿದ್ದೆ ಹೊಡೆಯುತ್ತಿತ್ತು. ಹುಟ್ಟಿ ಹನ್ನೊಂದು ದಿನಕ್ಕೆ ಮೊದಲ ಸಲ ಅದರ ಬೆನ್ನು ನೆಲಕ್ಕೆ ಹತ್ತಿತ್ತು.

“ದಮ್ಮು ಹತ್ತಿಲ್ಲ ಹೌದಲ್ಲೇ?”

“ಏನೂ ಇಲ್ಲವ್ವಾ. ಛಲೋ ಉಸಿರಾಡಲಿಕತ್ತದ ನೋಡು.”

ಭಾಗಮ್ಮ ಬಹಳ ಹೊತ್ತು ನೋಡಿದಳು. ಯಾರೂ ಅವಸರ ಮಾಡಲಿಲ್ಲ.

ಮಜೀದಸಾಬನನ್ನು ಅಂದೇ ಸಂಜೆ ಬಿಟ್ಟರು. ಬಿಡುಗಡೆಯ ಕಾಗದಕ್ಕೆ ಸಹಿ ಹಾಕುತ್ತ ಅವನು, “ಕುಂದ್ರಸ್ರಿ ಅಂದಾಗ ಕುಂದ್ರಸಿದ್ರ ಏನಾಗ್ತಿತ್ತು ಸಾಬ್?” ಎಂದು ಕೇಳಿದನಂತೆ. ಅಲ್ಲಿನ ಸಬ್ ಇನ್ಸ್‌ಪೆಕ್ಟರ್ ಹಾಗೆಂದು ಬರೆದು ಕಳಿಸಿದ್ದ. ಅಖ್ತರ ಬೇಗಂ ಮೂರು ಪ್ರಶ್ನೆಯ ಪುಸ್ತಕವನ್ನು ತನ್ನ ಮೇಜಿಗೆ ತರಿಸಿಕೊಂಡಳು. ಅಂದಿನಿಂದ ಬೀಗರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಹೆರಿಗೆಗೆ ಬಂದ ಹೆಣ್ಣನ್ನೇ ಕೇಳುವುದು ಅಲ್ಲಿನ ಕಾಯಿದೆಯಾಯಿತು.

ಸೇಡಂ ಠಾಣೆಯಲ್ಲಿ ಹೆಣ್ಣು ಪೊಲೀಸರಿರಲಿಲ್ಲ. ಕಸ ಗುಡಿಸುವ ಇಮಾಮ್‌ಬೀಯನ್ನು ಕಾವಲಿಗೆ ಕೂರಿಸಿದರು. ಭಾಗಮ್ಮ ವಿಭೂತಿ ಬೇಡಿದಳು. ದೇವಿಂದ್ರಪ್ಪ ತನ್ನ ಕೋಣೆಯಿಂದ ತಂದುಕೊಟ್ಟ. ಹನ್ನೊಂದು ದಿನದ ಮೇಲೆ ಲಿಂಗಪೂಜೆ ಮಾಡಿ ಅವಳು ಅರ್ಧ ರೊಟ್ಟಿ ಉಂಡಳು. ಚಾಪೆ ಹಾಸಿಕೊಟ್ಟರೂ ಮಲಗದೆ ಗೋಡೆಗೆ ಒರಗಿ ಕುಳಿತಳು. “ಮಲಕ್ಕೋರಿ ಅಂದ್ರ ಒಲ್ಲೆ ಅಂತಾರ ಸಾಬ್,” ಎಂದು ಇಮಾಮ್‌ಬೀ ಬಂದು ದೂರು ಹೇಳಿದಳು. ಬಿಡು ಎಂದ ದೇವಿಂದ್ರಪ್ಪ.

ಕೇಸ್ ಡೈರಿಯ ಕೊನೆಯಲ್ಲಿ ‘ಅಪರಾಧದ ಕಾರಣ’ ಎಂಬ ಕಾಲಂ ಇತ್ತು. ದ್ವೇಷ, ದುರಾಸೆ, ಕುಡಿತ ಎಂದು ಒಂದೊಂದೇ ಪದ ಬರೆದು ಅವನಿಗೆ ರೂಢಿ. ಈ ಸಲ ಬಹಳ ಹೊತ್ತು ಯೋಚಿಸಿ ಬರೆದ: ಹೇಳಲು ಮನಸ್ಸಿತ್ತು, ಹೇಳುವ ಹೊತ್ತಿಗೆ ಮಂದಿ ನಿಂತಿದ್ದರು. ಆಮೇಲೆ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಡೈರಿ ಮುಚ್ಚಿ ಒಂದು ಕಾರ್ಡು ತೆಗೆದು ಹೆಂಡತಿಗೆ ಬರೆಯತೊಡಗಿದ. ಕಾಲು ಬಾತಿವೆಯೇ? ರಾತ್ರಿ ಮಲಗಿದರೆ ಉಸಿರು ಹೇಗಿರುತ್ತದೆ? ಸಣ್ಣವಳಿದ್ದಾಗ ಕೀಲುನೋವಿನ ಜ್ವರ ಬಂದಿತ್ತೇ? ಅಷ್ಟು ಬರೆದವನಿಗೆ ಪಡಸಾಲೆ ಕಣ್ಣಿಗೆ ಬಂತು. ಅವಳಣ್ಣ ಗಂಟಲು ಸರಿಮಾಡಿಕೊಂಡು ಒಂದೊಂದೇ ಪ್ರಶ್ನೆಯನ್ನು ಗಟ್ಟಿಯಾಗಿ ಓದುತ್ತಾನೆ. ಮಾವ, ಅತ್ತೆ, ಓಣಿಯ ಮಂದಿ ಕುಳಿತಿದ್ದಾರೆ. ಗುರುಲಿಂಗಮ್ಮ ಬಾಗಿಲ ಮರೆಯಲ್ಲಿ ನಿಂತು, ಮೂರಕ್ಕೂ ಇಲ್ಲ ಎನ್ನುತ್ತಾಳೆ.

ಅವನು ಕಾರ್ಡನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದ. ಎರಡು ದಿನದ ರಜೆ ಬರೆದಿಟ್ಟು, ಬೆಳಗಿನ ಚಿಂಚೋಳಿ ಬಸ್ಸು ಎಷ್ಟು ಗಂಟೆಗೆ ಎಂದು ಅಬ್ದುಲ್ ಗನಿಯನ್ನು ಕೇಳಿದ.